ಹನ್ನೊಂದು ಹೊಡೆದ ಹೋಲ್ ಹ್ಯಾಂಡಿಕ್ಯಾಪ್ ಲೆಕ್ಕದಲ್ಲಿ ಏಳಾಗುವುದು ಹೇಗೆ?

(ಹೊಸದಾಗಿ ಹ್ಯಾಂಡಿಕ್ಯಾಪ್ ಪಡೆದ ಗಾಲ್ಫ್ ಆಟಗಾರರಿಗೆ ಬೆಂಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಕಾರ್ಡ್ ಸಹಿ ಮಾಡಿ ಬಾಕ್ಸಿಗೆ ಹಾಕುವಾಗ ನಿಮ್ಮಲ್ಲಿ ಹಲವರು ಕೇಳುವ ಪ್ರಶ್ನೆಗಳು ಎರಡೇ. ಒಂದು, "ಸರ್, ಭಾನುವಾರ ಆಡಿದ್ದು ಸ್ಟೇಬಲ್‌ಫರ್ಡ್, ಅದೂ ಹ್ಯಾಂಡಿಕ್ಯಾಪ್‌ಗೆ ಹೋಗುತ್ತಾ?" ಎರಡು, "ಮೆಡಲ್ ರೌಂಡ್‌ನಲ್ಲಿ ಒಂದು ಹೋಲ್‌ಗೆ ಹನ್ನೊಂದು ಹೊಡೆದೆ, ನನ್ನ ಹ್ಯಾಂಡಿಕ್ಯಾಪ್ ಕೆಟ್ಟುಹೋಯ್ತಾ?" ಮೆಡಲ್ ಅಂದರೆ ಸ್ಟ್ರೋಕ್ ಪ್ಲೇ, ಒಟ್ಟು ಹೊಡೆತ ಎಣಿಸುವ ಆಟ. ಸ್ಟೇಬಲ್‌ಫರ್ಡ್ ಅಂದರೆ ಪ್ರತಿ ಹೋಲ್‌ಗೂ ಪಾಯಿಂಟ್ ಕೊಡುವ ಆಟ. ಈ ಎರಡು ಪ್ರಶ್ನೆಗೂ ಉತ್ತರ ಹೇಳಿದರೆ ಇವತ್ತಿನ ವಿಷಯ ಹೆಚ್ಚು ಕಡಿಮೆ ಮುಗಿಯುತ್ತದೆ. ಆದರೆ ಉತ್ತರ ಹೇಳೋದಕ್ಕೆ ಮುಂಚೆ ಸ್ವಲ್ಪ ಲೆಕ್ಕ ಮಾಡಬೇಕು. ಪೆನ್ಸಿಲ್ ಇದ್ದವರು ತೆಗೆದುಕೊಳ್ಳಿ.

ಹ್ಯಾಂಡಿಕ್ಯಾಪ್ ಅಂದರೆ ನಿಮ್ಮ ಆಟದ ಮಟ್ಟ ನೋಡಿ ನಿಮಗೆ ಕೊಡುವ ಹೊಡೆತಗಳ ರಿಯಾಯಿತಿ. ಮೊದಲು ಅದು ಏನಲ್ಲ ಅನ್ನೋದನ್ನು ನೋಡೋಣ. ಅದು ನಿಮ್ಮ ಸರಾಸರಿ ಅಲ್ಲ. 2020ರಲ್ಲಿ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್ ಶುರುವಾಯಿತು. ಅದಕ್ಕೂ ಮುಂಚೆ ಪ್ರಪಂಚದಲ್ಲಿ ಆರು ಬೇರೆ ಬೇರೆ ಪದ್ಧತಿಗಳಿದ್ದವು. ಅಮೆರಿಕದ್ದೊಂದು, ಬ್ರಿಟನ್‌ದೊಂದು, ಯುರೋಪಿನದೊಂದು, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಅರ್ಜೆಂಟೀನಾದ್ದು ಒಂದೊಂದು. ಈಗ ಬಹುತೇಕ ಎಲ್ಲಾ ಕಡೆ ಮೂಲ ಲೆಕ್ಕ ಒಂದೇ. ನಿಮ್ಮ ಕೊನೆಯ 20 ಸುತ್ತುಗಳಲ್ಲಿ ಚೆನ್ನಾಗಿ ಆಡಿದ 8ನ್ನು ಮಾತ್ರ ತೆಗೆದುಕೊಂಡು ಸರಾಸರಿ ಮಾಡುತ್ತಾರೆ. ಮಿಕ್ಕ 12ನ್ನು ಯಾರೂ ನೋಡುವುದಿಲ್ಲ. ನೀವು ಇಂಜಿನಿಯರಿಂಗ್ ಓದುವಾಗ ಮೂರು ಇಂಟರ್ನಲ್ಸ್ ಬರೆದು, ಒಳ್ಳೆಯ ಎರಡರ ಮಾರ್ಕ್ಸ್ ಮಾತ್ರ ಹಿಡಿಯುತ್ತಿದ್ದರಲ್ವಾ, ಹಾಗೆ. ಹಾಗಾಗಿ 18 ಹ್ಯಾಂಡಿಕ್ಯಾಪ್ ಇರುವವರು ಪ್ರತಿ ಸಲ 18ಕ್ಕೆ ಆಡಲಿಲ್ಲ ಅಂತ ಕೊರಗಬೇಕಾಗಿಲ್ಲ. ನಾಲ್ಕೈದು ಸುತ್ತಿಗೊಮ್ಮೆ ಆಡಿದರೆ ಸಾಕು, ಸರಿಯಾಗಿಯೇ ಇದ್ದೀರಿ.

ಈಗ ಒಂದು ಕೋರ್ಸ್ ಇಟ್ಟುಕೊಳ್ಳೋಣ. ಲೆಕ್ಕಕ್ಕೆ ಅಂತ ನಾನೇ ಮಾಡಿಕೊಂಡ ಕೋರ್ಸ್, ಬೆಂಗಳೂರಲ್ಲಿ ಎಲ್ಲಿದೆ ಅಂತ ಹುಡುಕಬೇಡಿ. ಪಾರ್ 72, ಕೋರ್ಸ್ ರೇಟಿಂಗ್ 71.2, ಸ್ಲೋಪ್ 128. ಪಾರ್ ಅಂದರೆ ಒಂದು ಹೋಲ್‌ಗೆ ಅಥವಾ ಇಡೀ ಕೋರ್ಸ್‌ಗೆ ಗೊತ್ತುಮಾಡಿದ ಹೊಡೆತಗಳ ಸಂಖ್ಯೆ. ಕೋರ್ಸ್ ರೇಟಿಂಗ್ ಅಂದರೆ ಸೊನ್ನೆ ಹ್ಯಾಂಡಿಕ್ಯಾಪ್ ಇರುವವರು ಅಲ್ಲಿ ಎಷ್ಟು ಹೊಡೆಯಬಹುದು ಅನ್ನುವ ಅಂದಾಜು. ಸ್ಲೋಪ್ ಅಂದರೆ ಅವರಿಗಿಂತ ನಮ್ಮಂಥವರಿಗೆ ಆ ಕೋರ್ಸ್ ಎಷ್ಟು ಜಾಸ್ತಿ ಕಷ್ಟ ಅನ್ನುವ ಅಳತೆ. 113 ಅಂದರೆ ಮಾಮೂಲಿ. 128 ಅಂದರೆ ಸ್ವಲ್ಪ ಕಾಟ ಕೊಡುವ ಕೋರ್ಸ್.

ನಮ್ಮ ಆಟಗಾರನ ಹ್ಯಾಂಡಿಕ್ಯಾಪ್ ಇಂಡೆಕ್ಸ್, ಅಂದರೆ ಆ ಎಂಟು ಸುತ್ತುಗಳ ಸರಾಸರಿಯಿಂದ ಬಂದ ಅಂಕಿ, 18.0. ಅದನ್ನು 128ರಿಂದ ಗುಣಿಸಿ, 113ರಿಂದ ಭಾಗಿಸಿ, ರೇಟಿಂಗ್‌ಗೂ ಪಾರ್‌ಗೂ ಇರುವ ವ್ಯತ್ಯಾಸ ಸೇರಿಸಿ. ಇಲ್ಲಿ ರೇಟಿಂಗ್ ಪಾರ್‌ಗಿಂತ ಕಡಿಮೆ ಇದೆ, ಹಾಗಾಗಿ 0.8 ಕಳೆಯಬೇಕು. 19.6 ಬರುತ್ತದೆ, 20 ಅಂತ ಹಿಡಿಯಿರಿ. ಇದು ಅವನ ಕೋರ್ಸ್ ಹ್ಯಾಂಡಿಕ್ಯಾಪ್. ಅಂದರೆ ಎಲ್ಲ ಹೋಲ್‌ಗಳಲ್ಲೂ ಒಂದೊಂದು ಸ್ಟ್ರೋಕ್ ಸಿಗುತ್ತದೆ. ಸ್ಟ್ರೋಕ್ ಇಂಡೆಕ್ಸ್ 1 ಮತ್ತು 2 ಇರುವ ಹೋಲ್‌ಗಳಲ್ಲಿ ಎರಡೆರಡು. ಸ್ಟ್ರೋಕ್ ಇಂಡೆಕ್ಸ್ ಅಂದರೆ ಯಾವ ಹೋಲ್‌ಗೆ ಮೊದಲು ಸ್ಟ್ರೋಕ್ ಕೊಡಬೇಕು ಅಂತ ಕಾರ್ಡ್‌ನಲ್ಲಿರುವ ಕ್ರಮಸಂಖ್ಯೆ.

ಫಾರ್ಮ್ಯಾಟ್, ಅಂದರೆ ಆಡುವ ವಿಧಾನ, ಈ ಲೆಕ್ಕದೊಳಗೆ ಎರಡು ಬಾಗಿಲಿಂದ ಬರುತ್ತದೆ. ಆಡುವ ಮುಂಚೆ ಒಮ್ಮೆ, ಆಡಿದ ಮೇಲೆ ಒಮ್ಮೆ. ಜನ ಇವೆರಡನ್ನೂ ಕಲಸಿಬಿಡುತ್ತಾರೆ. ಅದಕ್ಕೇ ಇಷ್ಟು ಗೊಂದಲ.

ಆಡುವ ಮುಂಚೆ ಬರೋದು ಅಲೊವೆನ್ಸ್. ಸ್ಪರ್ಧೆಯಲ್ಲಿ ನಿಮ್ಮ ಕೋರ್ಸ್ ಹ್ಯಾಂಡಿಕ್ಯಾಪನ್ನು ಪೂರ್ತಿ ಕೊಡೋದಿಲ್ಲ, ಫಾರ್ಮ್ಯಾಟ್ ನೋಡಿ ಒಂದು ಪಾಲು ಕೊಡುತ್ತಾರೆ. ಸ್ಟ್ರೋಕ್ ಪ್ಲೇ, ಸ್ಟೇಬಲ್‌ಫರ್ಡ್ ಎರಡಕ್ಕೂ ಶೇಕಡಾ 95. ಒಬ್ಬರಿಗೊಬ್ಬರು ಎದುರಾಗುವ ಮ್ಯಾಚ್ ಪ್ಲೇಗೆ ಪೂರ್ತಿ 100. ಜೋಡಿಯಾಗಿ ಆಡುವ ಫೋರ್‌ಬಾಲ್ ಸ್ಟ್ರೋಕ್ ಪ್ಲೇಗೆ 85, ಫೋರ್‌ಬಾಲ್ ಮ್ಯಾಚ್‌ಗೆ 90. ಹಾಗಾಗಿ ನಮ್ಮ ಆಟಗಾರ ಒಂದೇ ಕೋರ್ಸ್‌ನಲ್ಲಿ ಮೆಡಲ್‌ಗೆ 19, ಮ್ಯಾಚ್‌ಗೆ 20, ಫೋರ್‌ಬಾಲ್ ಸ್ಟ್ರೋಕ್ ಪ್ಲೇಗೆ 17, ಫೋರ್‌ಬಾಲ್ ಮ್ಯಾಚ್‌ಗೆ 18. ಪಾಪ, "ನನ್ನ ಹ್ಯಾಂಡಿಕ್ಯಾಪ್ ಯಾಕೆ ಕಡಿಮೆ ಮಾಡಿದ್ರಿ?" ಅಂತ ಜಗಳಕ್ಕೆ ಬರುವವರು ಇಲ್ಲೇ ಎಡವೋದು. ಅವರ ಇಂಡೆಕ್ಸ್‌ನ ಯಾರೂ ಮುಟ್ಟಿಲ್ಲ. ಅದು 18.0 ಇತ್ತು, 18.0 ಇದೆ. ಈ ಪಾಲು ಬಹುಮಾನ ಹಂಚೋದಕ್ಕೆ ಮಾತ್ರ.

95 ಯಾಕೆ, 100 ಯಾಕಲ್ಲ ಅಂತ ಕೇಳಬಹುದು. ದೊಡ್ಡ ಹ್ಯಾಂಡಿಕ್ಯಾಪ್ ಇರುವವರ ಆಟ ಜಾಸ್ತಿ ಏರಿಳಿಯುತ್ತದೆ. ನೂರು ಜನ ಆಡುವ ಕಡೆ ಅವರಲ್ಲಿ ಯಾರೋ ಒಬ್ಬರಿಗೆ ಅವತ್ತು ಸಿಕ್ಕಾಪಟ್ಟೆ ಒಳ್ಳೆಯ ದಿನ ಆಗಿರುತ್ತದೆ. ಸಣ್ಣ ಹ್ಯಾಂಡಿಕ್ಯಾಪ್‌ನವರಿಗೆ ಆ ಅವಕಾಶ ಕಡಿಮೆ. ಅದನ್ನು ಸರಿದೂಗಿಸೋದಕ್ಕೆ ಈ ಐದು ಪರ್ಸೆಂಟ್ ಕಡಿತ. ಫೋರ್‌ಬಾಲ್‌ನಲ್ಲಿ ಎರಡು ಚೆಂಡುಗಳಲ್ಲಿ ಒಳ್ಳೆಯದನ್ನು ಹಿಡಿಯೋದರಿಂದ ಕಡಿತ ಇನ್ನೂ ಜಾಸ್ತಿ.

ಈಗ ಎರಡನೆಯ ಬಾಗಿಲು. ಇದೇ ನಿಜವಾದ ವಿಷಯ.

ನಮ್ಮ ಆಟಗಾರ 17 ಹೋಲ್‌ಗಳನ್ನು ಒಟ್ಟು 83ಕ್ಕೆ ಮುಗಿಸಿದ್ದಾನೆ. ಚೆನ್ನಾಗಿಯೇ ಆಡಿದ್ದಾನೆ. ಉಳಿದದ್ದು ಒಂದು ಪಾರ್ 4, ಸ್ಟ್ರೋಕ್ ಇಂಡೆಕ್ಸ್ 3. ಅಲ್ಲಿ ಏನಾಯಿತು ನೋಡಿ. ಡ್ರೈವ್ ನೇರ ಕೆರೆಗೆ. ಒಂದು ಪೆನಾಲ್ಟಿ. ಮೂರನೆಯ ಹೊಡೆತ, ಅದೂ ಕೆರೆಗೆ. ಇನ್ನೊಂದು ಪೆನಾಲ್ಟಿ. ಐದನೆಯದು ಅಂತೂ ಫೇರ್‌ವೇ ಸೇರಿತು. ಆರನೆಯದು ಗ್ರೀನ್ ಪಕ್ಕದ ಬಂಕರ್‌ಗೆ. ಏಳನೆಯದು ಬಂಕರ್‌ನಲ್ಲೇ ಉಳಿಯಿತು, ಎಂಟನೆಯದು ಹೊರಗೆ ಬಂದು ಗ್ರೀನ್ ಹತ್ತಿತು. ಆಮೇಲೆ ಮೂರು ಪಟ್. ಹನ್ನೊಂದು. ಕ್ಯಾಡಿ ಏನೂ ಮಾತಾಡದೆ ಧ್ವಜ ವಾಪಸ್ ಇಡುತ್ತಿದ್ದಾನೆ. ಸ್ಕೋರ್ ಬರೆಯುವ ಮಾರ್ಕರ್ ಮಾತ್ರ ಪೆನ್ಸಿಲ್ ಹಿಡಿದು "ಹನ್ನೊಂದೇ ತಾನೇ?" ಅಂತ ಕೇಳುತ್ತಿದ್ದಾರೆ. ಈ ಪ್ರಶ್ನೆಯಷ್ಟು ಕ್ರೂರವಾದ ಪ್ರಶ್ನೆ ಗಾಲ್ಫ್‌ನಲ್ಲಿ ಇನ್ನೊಂದಿಲ್ಲ.

ಮೆಡಲ್ ರೌಂಡ್ ಆದರೆ ಹನ್ನೊಂದು ಹನ್ನೊಂದೇ. ಒಟ್ಟು 94. ಪ್ಲೇಯಿಂಗ್ ಹ್ಯಾಂಡಿಕ್ಯಾಪ್, ಅಂದರೆ ಮೆಡಲ್‌ಗೆ ಸಿಕ್ಕ ಪಾಲು 19 ಕಳೆದರೆ ನೆಟ್ 75. ಬಹುಮಾನದ ಆಸೆ ಬಿಡಬೇಕು. ಆದರೆ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಕಾರ್ಡ್ ಹೋಗುವಾಗ ಒಂದು ಮಿತಿ ಇದೆ. ಯಾವ ಹೋಲ್‌ನಲ್ಲೂ ನೆಟ್ ಡಬಲ್ ಬೋಗಿಗಿಂತ ಜಾಸ್ತಿ ಹಿಡಿಯೋದಿಲ್ಲ. ಬೋಗಿ ಅಂದರೆ ಪಾರ್‌ಗಿಂತ ಒಂದು ಜಾಸ್ತಿ, ಡಬಲ್ ಬೋಗಿ ಅಂದರೆ ಎರಡು ಜಾಸ್ತಿ. ಪಾರ್, ಅದಕ್ಕೆ ಎರಡು, ಅದರ ಮೇಲೆ ಆ ಹೋಲ್‌ನಲ್ಲಿ ನಿಮಗೆ ಸಿಗುವ ಸ್ಟ್ರೋಕ್. ಇಲ್ಲಿ 4 ಕೂಡಿಸು 2 ಕೂಡಿಸು 1, ಏಳು. ಹನ್ನೊಂದು ಏಳಾಯಿತು. 94 ಹೋಗಿ 90 ಆಯಿತು.

90ರಿಂದ ಕೋರ್ಸ್ ರೇಟಿಂಗ್ 71.2 ಕಳೆಯಿರಿ, 18.8. ಅದನ್ನು 113ರಿಂದ ಗುಣಿಸಿ 128ರಿಂದ ಭಾಗಿಸಿ. 16.6. ಇದು ಆ ಸುತ್ತಿನ ಡಿಫರೆನ್ಷಿಯಲ್. ಅವನ ಇಂಡೆಕ್ಸ್ 18.0. ಅಂದರೆ ಅವನ ಹ್ಯಾಂಡಿಕ್ಯಾಪ್‌ಗಿಂತ ಚೆನ್ನಾಗಿ ಆಡಿದ ಸುತ್ತು ಇದು! ಮಿತಿ ಇಲ್ಲದಿದ್ದರೆ 20.1 ಆಗುತ್ತಿತ್ತು. ಮೆಡಲ್ ಸೋತು ಮುಖ ಸಣ್ಣ ಮಾಡಿಕೊಂಡು ಮನೆಗೆ ಹೋದವನ ಹ್ಯಾಂಡಿಕ್ಯಾಪ್ ಮರುದಿನ ಬೆಳಿಗ್ಗೆ ಆ್ಯಪ್‌ನಲ್ಲಿ ಕಡಿಮೆಯಾಗಿರುವ ಸಾಧ್ಯತೆಯೇ ಜಾಸ್ತಿ.

ಅದೇ ಆಟ ಸ್ಟೇಬಲ್‌ಫರ್ಡ್ ಆಗಿದ್ದರೆ? ನೆಟ್ ಪಾರ್‌ಗೆ ಎರಡು ಪಾಯಿಂಟ್, ನೆಟ್ ಬೋಗಿಗೆ ಒಂದು, ನೆಟ್ ಡಬಲ್ ಬೋಗಿಗೆ ಸೊನ್ನೆ. ಆರನೆಯದು ಬಂಕರ್‌ಗೆ ಬಿದ್ದ ಕೂಡಲೇ ಅಲ್ಲಿ ಇನ್ನು ಪಾಯಿಂಟ್ ಇಲ್ಲ. ಚೆಂಡು ಎತ್ತಿ ಜೇಬಿಗೆ ಹಾಕಿಕೊಂಡು ಮುಂದಿನ ಟೀಗೆ ನಡೆಯಬಹುದು. ಬಂಕರ್ ಕೆರೆಯುವ ಕೆಲಸವೂ ಕಡಿಮೆ. ಕಾರ್ಡ್‌ನಲ್ಲಿ ಒಂದು ಗೀಟು. ಹ್ಯಾಂಡಿಕ್ಯಾಪ್‌ಗೆ ಆ ಗೀಟಿನ ಬೆಲೆ ಎಷ್ಟು? ನೆಟ್ ಡಬಲ್ ಬೋಗಿ, ಅಂದರೆ ಮತ್ತದೇ ಏಳು. ಮತ್ತದೇ 90. ಮತ್ತದೇ 16.6.

ಇಲ್ಲೊಂದು ಸೂಕ್ಷ್ಮ ಇದೆ. ಪೂರ್ತಿ 20 ಸ್ಟ್ರೋಕ್ ಹಿಡಿದರೆ ಅವನ ಪಾಯಿಂಟ್ 38. ಆದರೆ ಸ್ಪರ್ಧೆಯಲ್ಲಿ ಅವನಿಗೆ ಸಿಗೋದು 19, ಸ್ಟ್ರೋಕ್ ಇಂಡೆಕ್ಸ್ 2ರಲ್ಲಿ ಒಂದು ಸ್ಟ್ರೋಕ್ ಹೋಯಿತು. ಹಾಗಾಗಿ ಬೋರ್ಡ್ ಮೇಲೆ 37 ಅಂತ ಬರುತ್ತದೆ. ಹ್ಯಾಂಡಿಕ್ಯಾಪ್ ಲೆಕ್ಕ ನಡೆಯೋದು 20ರ ಮೇಲೆ. "36 ಬಂದರೆ ಹ್ಯಾಂಡಿಕ್ಯಾಪ್‌ಗೆ ಸರಿಯಾಗಿ ಆಡಿದ ಹಾಗೆ" ಅನ್ನುವ ಹಳೆಯ ಮಾತು ಈಗ ಸ್ಪರ್ಧೆಯ ದಿನ ಒಂದು ಪಾಯಿಂಟ್ ಆಚೀಚೆ ಆಗಬಹುದು, ಅಷ್ಟೇ.

ಸ್ಟೇಬಲ್‌ಫರ್ಡ್ ಅನ್ನೋದು ಒಬ್ಬ ಮನುಷ್ಯನ ಹೆಸರು, ಗೊತ್ತಾ? ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫರ್ಡ್, ಸರ್ಜನ್. 1898ರಲ್ಲೇ ವೇಲ್ಸ್‌ನ ಪೆನಾರ್ತ್‌ನಲ್ಲಿರುವ ಗ್ಲಾಮರ್ಗನ್‌ಶೈರ್ ಕ್ಲಬ್‌ನಲ್ಲಿ ಇದರ ಮೊದಲ ರೂಪವನ್ನು ಆಡಿಸಿ ನೋಡಿದ್ದರು. ಆಮೇಲೆ ಲಿವರ್‌ಪೂಲ್ ಹತ್ತಿರದ ವಾಲಸಿ ಕ್ಲಬ್‌ಗೆ ಬಂದರು. ಅಲ್ಲಿ ಸಮುದ್ರದ ಗಾಳಿ ಜೋರು. ಮೊದಲ ಕೆಲವು ಹೋಲ್‌ಗಳಲ್ಲೇ ಸ್ಕೋರ್ ಕೆಟ್ಟು ಜನ ಕಾರ್ಡ್ ಹರಿದು ಹಾಕಿ ಆಟದ ಖುಷಿಯನ್ನೇ ಕಳೆದುಕೊಳ್ಳುತ್ತಿದ್ದರು. ಅದಕ್ಕೆ ಔಷಧಿ ಅಂತ ಡಾಕ್ಟರು ಕೊಟ್ಟಿದ್ದು ಈ ಪಾಯಿಂಟ್ ಪದ್ಧತಿ. ಇದರ ಮೊದಲ ಸ್ಪರ್ಧೆ ನಡೆದದ್ದು 16 ಮೇ 1932ರಂದು, ವಾಲಸಿಯಲ್ಲಿ. ಈಗ ಯೋಚಿಸಿ. ಒಂದು ಹೋಲ್ ಎಷ್ಟೇ ಕೆಟ್ಟರೂ ನಷ್ಟಕ್ಕೊಂದು ಮಿತಿ ಅನ್ನೋದು ಡಾಕ್ಟರ ಐಡಿಯಾ. ಇವತ್ತಿನ ನೆಟ್ ಡಬಲ್ ಬೋಗಿ ಮಿತಿ ಅಂದರೆ ಸ್ಟೇಬಲ್‌ಫರ್ಡ್‌ನ ಸೊನ್ನೆ ಪಾಯಿಂಟೇ. ಅಂದರೆ ನೀವು ಮೆಡಲ್ ಆಡಿದರೂ ಹ್ಯಾಂಡಿಕ್ಯಾಪ್ ಮಟ್ಟಿಗೆ ನಿಮ್ಮನ್ನು ಸ್ಟೇಬಲ್‌ಫರ್ಡ್ ಆಟಗಾರನ ಹಾಗೆಯೇ ಅಳೆಯುತ್ತಾರೆ.

ಅಮೆರಿಕದಲ್ಲಿ 2020ಕ್ಕೆ ಮುಂಚೆ ಹೀಗಿರಲಿಲ್ಲ. ಅಲ್ಲಿ ಕೋರ್ಸ್ ಹ್ಯಾಂಡಿಕ್ಯಾಪ್ 10ರಿಂದ 19 ಇದ್ದವರಿಗೆ ಯಾವ ಹೋಲ್ ಆದರೂ 7, 20ರಿಂದ 29 ಇದ್ದವರಿಗೆ 8 ಅಂತ ಒಂದು ಪಟ್ಟಿ ಇತ್ತು. ಪಾರ್ 3ರಲ್ಲೂ ಎಂಟು, ಪಾರ್ 5ರಲ್ಲೂ ಎಂಟು! ಅದು ಹೋಗಿದ್ದು ಒಳ್ಳೆಯದೇ ಆಯಿತು.

2019ರ ನಿಯಮಗಳಲ್ಲಿ ಮ್ಯಾಕ್ಸಿಮಮ್ ಸ್ಕೋರ್ ಅನ್ನುವ ಫಾರ್ಮ್ಯಾಟ್ ಬಂತು. ಕಮಿಟಿ ಒಂದು ಮಿತಿ ಹಾಕುತ್ತದೆ, ಉದಾಹರಣೆಗೆ ಪಾರ್‌ನ ಎರಡರಷ್ಟು. ನಮ್ಮ ಆಟಗಾರನಿಗೆ ಆ ಹೋಲ್‌ನಲ್ಲಿ ಸ್ಪರ್ಧೆಗೆ ಎಂಟು, ಹ್ಯಾಂಡಿಕ್ಯಾಪ್‌ಗೆ ಏಳು. ಇಷ್ಟೇ, ಇದರಲ್ಲಿ ಹೇಳೋದು ಬೇರೇನಿಲ್ಲ.

ಮ್ಯಾಚ್ ಪ್ಲೇಗೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲಬೇಕು. ಇಲ್ಲಿ ಒಟ್ಟು ಹೊಡೆತಕ್ಕೆ ಬೆಲೆಯೇ ಇಲ್ಲ, ಹೋಲ್ ಗೆದ್ದೆಯೋ ಸೋತೆಯೋ ಅಷ್ಟೇ. ನಮ್ಮವನ ಎರಡನೆಯ ಚೆಂಡೂ ಕೆರೆಗೆ ಬಿತ್ತು, ಎದುರಾಳಿ ಎರಡರಲ್ಲೇ ಗ್ರೀನ್ ಮೇಲಿದ್ದಾನೆ. "ಹೋಲ್ ನಿಮ್ದೇ" ಅಂತ ಕೈ ಕುಲುಕಿ ಮುಂದೆ ಹೋಗುತ್ತಾನೆ. ಕಾರ್ಡ್‌ನಲ್ಲಿ ಏನು ಬರೆಯಬೇಕು? ಇದಕ್ಕೆ ಮೋಸ್ಟ್ ಲೈಕ್ಲಿ ಸ್ಕೋರ್ ಅನ್ನುವ ನಿಯಮ ಇದೆ. ಇಲ್ಲಿವರೆಗೆ ಹೊಡೆದದ್ದು, ಪೆನಾಲ್ಟಿ, ಅದಕ್ಕೆ ಇನ್ನೆಷ್ಟು ಬೇಕಾಗುತ್ತಿತ್ತು ಅನ್ನುವ ಅಂದಾಜು ಸೇರಿಸಿ. ಚೆಂಡು ಹೋಲ್‌ನಿಂದ ಐದು ಅಡಿ ಒಳಗಿದ್ದರೆ ಒಂದು. ಐದು ಅಡಿಯಿಂದ 20 ಗಜದವರೆಗೆ ಎರಡು ಅಥವಾ ಮೂರು. 20 ಗಜಕ್ಕಿಂತ ದೂರ ಇದ್ದರೆ ಮೂರು ಅಥವಾ ನಾಲ್ಕು. ನಮ್ಮವನು ಪೆನಾಲ್ಟಿ ಸೇರಿ ನಾಲ್ಕು ಆಗಿದ್ದಾನೆ, ಗ್ರೀನ್ ಇನ್ನೂ ದೂರ. ಏಳು ಅಥವಾ ಎಂಟು. ಎಂಟು ಬರೆದರೂ ಮಿತಿ ಬಂದು ಏಳಕ್ಕೆ ಇಳಿಸುತ್ತದೆ. ನೋಡಿ, ಎಲ್ಲಾ ದಾರಿಯೂ ಏಳಕ್ಕೇ ಬಂದು ಸೇರಿತು.

ಕೆಟ್ಟ ಹೋಲ್‌ಗಳಲ್ಲಿ ಹೀಗೆ ಎಲ್ಲ ಫಾರ್ಮ್ಯಾಟೂ ಒಂದೇ ಅಂಕಿಗೆ ಬರುತ್ತವೆ. ವ್ಯತ್ಯಾಸ ನುಸುಳೋದು ಒಳ್ಳೆಯ ಹೋಲ್‌ಗಳಲ್ಲಿ. ನಾಲ್ಕು ಅಡಿಯ ಪಟ್ ಇದೆ, ಎದುರಾಳಿ "ಎತ್ಕೊಳ್ಳಿ" ಅಂತಾನೆ. ನಿಯಮದ ಪ್ರಕಾರ ಒಂದು ಸೇರಿಸಿದರೆ ಸಾಕು. ಆದರೆ ಎದೆ ಮುಟ್ಟಿ ಹೇಳಿ, ನಾಲ್ಕು ಅಡಿ ಇಳಿಜಾರಿನ ಪಟ್ ಹತ್ತರಲ್ಲಿ ಎಷ್ಟು ಹಾಕುತ್ತೀರಿ? ಧಾರಾಳವಾಗಿ ಗಿಮ್ಮಿ ಕೊಡುವ ಗೆಳೆಯರ ಜೊತೆ ಆಡಿದ ಕಾರ್ಡ್‌ನಲ್ಲಿ ಮೂರ್ನಾಲ್ಕು ಹೊಡೆತ ಸುಮ್ನೆ ಕಾಣೆಯಾಗಿರುತ್ತವೆ. ಅಂಥ ಸುತ್ತು ಒಳ್ಳೆಯ ಎಂಟರಲ್ಲಿ ಸೇರಿಕೊಂಡರೆ ನಿಮ್ಮ ಇಂಡೆಕ್ಸ್ ನಿಮ್ಮ ಪಟಿಂಗ್‌ಗಿಂತ ಚೆನ್ನಾಗಿರುತ್ತದೆ. ಆಮೇಲೆ ಮೆಡಲ್ ದಿನ ಎಲ್ಲ ಪಟ್‌ಗಳನ್ನೂ ಹಾಕಲೇಬೇಕಾದಾಗ ಒದ್ದಾಟ. ಈ ಕಾರಣಕ್ಕೋ ಏನೋ, ಮ್ಯಾಚ್ ಪ್ಲೇ ಸ್ಕೋರ್ ಹಾಕುವ ವಿಷಯದಲ್ಲಿ ದೇಶದಿಂದ ದೇಶಕ್ಕೆ ರೀತಿ ಬೇರೆ. ಅಮೆರಿಕದಲ್ಲಿ ಹಾಕುತ್ತಾರೆ. ಬ್ರಿಟನ್‌ನಲ್ಲಿ ಹಾಕೋದಿಲ್ಲ. ಯಾವ ಫಾರ್ಮ್ಯಾಟ್ ಸೇರಬೇಕು ಅನ್ನೋದನ್ನು ಆಯಾ ದೇಶದ ಸಂಸ್ಥೆಯೇ ತೀರ್ಮಾನ ಮಾಡಬಹುದು ಅಂತ ಪದ್ಧತಿಯಲ್ಲೇ ಬಿಟ್ಟಿದ್ದಾರೆ. ಹಾಗಾಗಿ ಮ್ಯಾಚ್, ಫೋರ್‌ಬಾಲ್ ಕಾರ್ಡ್ ಹಾಕುವ ಮುಂಚೆ ನಿಮ್ಮ ಕ್ಲಬ್‌ನ ಹ್ಯಾಂಡಿಕ್ಯಾಪ್ ಕಮಿಟಿಯನ್ನು ಒಂದು ಮಾತು ಕೇಳಿ.

ಫೋರ್‌ಬಾಲ್‌ನಲ್ಲೂ ನೀವು ನಿಮ್ಮ ಚೆಂಡನ್ನೇ ಆಡುತ್ತೀರಿ, ಆದರೆ ಆಟದ ರೀತಿ ಬದಲಾಗುತ್ತದೆ. ಜೊತೆಗಾರ ಪಾರ್ ಗ್ಯಾರಂಟಿ ಮಾಡಿಕೊಂಡಿದ್ದರೆ ನೀವು ನೀರಿನ ಮೇಲಿಂದ ಹೊಡೆದೇ ಬಿಡುತ್ತೀರಿ. ಒಬ್ಬರೇ ಇದ್ದಿದ್ದರೆ ಹೊಡೆಯುತ್ತಿರಲಿಲ್ಲ. ಇನ್ನೊಂದು, ಜೊತೆಗಾರ ಬರ್ಡಿ (ಪಾರ್‌ಗಿಂತ ಒಂದು ಕಡಿಮೆ) ಹಾಕಿದ ತಕ್ಷಣ ನೀವು ಚೆಂಡು ಎತ್ತಿಬಿಡುತ್ತೀರಿ, ಅರ್ಧ ಕಾರ್ಡ್ ಅಂದಾಜಿನ ಮೇಲೆ ನಿಲ್ಲುತ್ತದೆ.

ಫೋರ್ಸಮ್, ಸ್ಕ್ರ್ಯಾಂಬಲ್ ವಿಷಯದಲ್ಲಿ ಚರ್ಚೆಯೇ ಇಲ್ಲ, ಅವು ಹ್ಯಾಂಡಿಕ್ಯಾಪ್‌ಗೆ ಸೇರೋದಿಲ್ಲ. ಫೋರ್ಸಮ್‌ನಲ್ಲಿ ಇಬ್ಬರು ಒಂದೇ ಚೆಂಡನ್ನು ಸರದಿಯಲ್ಲಿ ಹೊಡೆಯುತ್ತಾರೆ. ಬೆಂಗಳೂರಿನ ಕಾರ್ಪೊರೇಟ್ ಗಾಲ್ಫ್ ದಿನಗಳಲ್ಲಿ ಆಡಿಸೋದು ಬಹುಪಾಲು ಸ್ಕ್ರ್ಯಾಂಬಲ್, ನಾಲ್ವರಲ್ಲಿ ಯಾರ ಚೆಂಡು ಚೆನ್ನಾಗಿ ಬಿತ್ತೋ ಎಲ್ಲರೂ ಅಲ್ಲಿಂದ ಹೊಡೆಯೋದು. ಅದರಲ್ಲಿ 62 ಬಂದರೆ ಫೋಟೋ ತೆಗೆಸಿಕೊಳ್ಳಿ, ಆ್ಯಪ್‌ಗೆ ಹಾಕಬೇಡಿ. ನಮ್ಮ ಆಟಗಾರ ಆ ಪಾರ್ 4ರಲ್ಲಿ ಕೆರೆಗೆ ಎರಡು ಹಾಕಿದ್ದನ್ನು ಸ್ಕ್ರ್ಯಾಂಬಲ್‌ನಲ್ಲಿ ಯಾರೂ ನೆನಪಿಡೋದೂ ಇಲ್ಲ. ನಿಮ್ಮದೇ ಚೆಂಡು, ಟೀಯಿಂದ ಹೋಲ್‌ವರೆಗೆ ನೀವೇ ಹೊಡೆದದ್ದು, ಇದಿಲ್ಲದೆ ಹ್ಯಾಂಡಿಕ್ಯಾಪ್ ಇಲ್ಲ. ಮೂರೇ ಕ್ಲಬ್ ಇಟ್ಟುಕೊಂಡು ಆಡುವ ತಮಾಷೆ ಸ್ಪರ್ಧೆಯೂ ಸೇರೋದಿಲ್ಲ.

ಈಗ ನನಗೆ ಮುಖ್ಯ ಅನ್ನಿಸುವ ಮಾತು. ಇಬ್ಬರು ಆಟಗಾರರು, ಇಬ್ಬರಿಗೂ ಇಂಡೆಕ್ಸ್ 18. ಒಬ್ಬರು ನಿಧಾನಿ. ಬೋಗಿ, ಬೋಗಿ, ಪಾರ್, ಬೋಗಿ. ಇನ್ನೊಬ್ಬರು ಎರಡು ಬರ್ಡಿ ಹಾಕಿ ಮೂರು ಹೋಲ್‌ಗಳಲ್ಲಿ ಒಂಬತ್ತು, ಹತ್ತು ಹೊಡೆಯುವವರು. ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಈ ಇಬ್ಬರೂ ಒಂದೇ, ಯಾಕೆಂದರೆ ಎರಡನೆಯವರ ಕೆಟ್ಟ ಹೋಲ್‌ಗಳನ್ನು ಮಿತಿ ಕತ್ತರಿಸಿದೆ, ಕೆಟ್ಟ ಸುತ್ತುಗಳನ್ನು 20ರಲ್ಲಿ 8ರ ಲೆಕ್ಕ ಬಿಟ್ಟುಬಿಟ್ಟಿದೆ. ಆದರೆ ಮೆಡಲ್‌ನಲ್ಲಿ ಕತ್ತರಿಸುವವರು ಯಾರೂ ಇಲ್ಲ. ಅಲ್ಲಿ ನಿಧಾನಿಯೇ ಗೆಲ್ಲೋದು ಜಾಸ್ತಿ. ಮ್ಯಾಚ್ ಪ್ಲೇಯಲ್ಲಿ ಉಲ್ಟಾ, ಹತ್ತು ಹೊಡೆದರೂ ಹೋಗೋದು ಒಂದೇ ಹೋಲ್, ಎರಡು ಬರ್ಡಿ ಅಂದರೆ ಎರಡು ಹೋಲ್ ಕೈಯಲ್ಲಿ. ನಿಮ್ಮ ಎದುರು ಅಂಥವರು ಬಂದರೆ ಹುಷಾರಾಗಿರಿ. "ಸ್ಟೇಬಲ್‌ಫರ್ಡ್‌ನಲ್ಲಿ ಗೆಲ್ತೀನಿ, ಮೆಡಲ್‌ನಲ್ಲಿ ಯಾಕೆ ಆಗ್ತಿಲ್ಲ?" ಅಂತ ಕೇಳುವವರಿಗೂ ಉತ್ತರ ಇದೇ. ನಿಮ್ಮ ಹ್ಯಾಂಡಿಕ್ಯಾಪ್ ತಪ್ಪಿಲ್ಲ. ನಿಮ್ಮ ಕಾರ್ಡ್‌ನಲ್ಲಿ ಏಳಾಗಿ ಬದಲಾದ ಹನ್ನೊಂದುಗಳು ಜಾಸ್ತಿ ಇವೆ.

ಬೇಕೆಂದೇ ಕೆಟ್ಟದಾಗಿ ಆಡಿ ಹ್ಯಾಂಡಿಕ್ಯಾಪ್ ಏರಿಸಿಕೊಳ್ಳುವವರ ಬಗ್ಗೆಯೂ ಕೇಳಿದ್ದೀರಿ. ನಾಲ್ಕು ಹೋಲ್ ಸುಮ್ನೆ ಕೆಡಿಸಿದರೆ ಮಿತಿ ಅಡ್ಡ ಬರುತ್ತದೆ, ಹೆಚ್ಚು ಲಾಭ ಇಲ್ಲ. ಇಡೀ ಸುತ್ತು ಕೆಡಿಸಿದರೆ ಅದು ಎಂಟರಲ್ಲಿ ಸೇರೋದೇ ಇಲ್ಲ. ಹಟ ಹಿಡಿದು ತಿಂಗಳುಗಟ್ಟಲೆ ಮಾಡಿದರೆ? ಒಂದು ವರ್ಷದ ನಿಮ್ಮ ಅತಿ ಕಡಿಮೆ ಇಂಡೆಕ್ಸ್‌ಗಿಂತ 3 ಜಾಸ್ತಿ ಆದ ಮೇಲೆ ಏರಿಕೆ ಅರ್ಧಕ್ಕೆ ಇಳಿಯುತ್ತದೆ, 5ರ ಮೇಲೆ ಏರೋದೇ ಇಲ್ಲ. ಇತ್ತ ಬಹುಮಾನದ ದಿನ ದಿಢೀರನೆ ಇಂಡೆಕ್ಸ್‌ಗಿಂತ 7 ಕಡಿಮೆ ಡಿಫರೆನ್ಷಿಯಲ್ ತಂದರೆ ಎಕ್ಸೆಪ್ಷನಲ್ ಸ್ಕೋರ್ ಅಂತ ಒಂದು ಸ್ಟ್ರೋಕ್ ಹೆಚ್ಚುವರಿ ಕಡಿತ, 10 ಕಡಿಮೆ ಆದರೆ ಎರಡು. 18.0 ಇದ್ದವರಿಗೆ ಆ ಗಡಿ 11.0. ಫಾರ್ಮ್ಯಾಟ್ ಯಾವುದಾದರೂ ಈ ಕತ್ತರಿ ಒಂದೇ.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ. ಮ್ಯಾಚ್ 14ನೇ ಹೋಲ್‌ಗೇ ಮುಗಿದರೆ ಉಳಿದ ನಾಲ್ಕಕ್ಕೆ ಏನು ಬರೆಯೋದು? ಏನೂ ಬರೆಯಬೇಡಿ. 2024ರಲ್ಲಿ ನಿಯಮ ಬದಲಾಗಿದೆ. ಆಡದ ಹೋಲ್‌ಗಳಿಗೆ ನಿಮ್ಮ ಇಂಡೆಕ್ಸ್ ಇರುವವರು ಮಾಮೂಲಿ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಎಷ್ಟು ಹೊಡೆಯುತ್ತಾರೆ ಅನ್ನುವ ಅಂದಾಜನ್ನು ಕಂಪ್ಯೂಟರೇ ತುಂಬುತ್ತದೆ. ಹತ್ತು ಹೋಲ್ ಆಡಿದ್ದರೆ ಅದು 18 ಹೋಲ್‌ನ ಸ್ಕೋರ್ ಆಗಿ ನಿಲ್ಲುತ್ತದೆ. ಮುಂಚೆ ನೆಟ್ ಪಾರ್ ತುಂಬುತ್ತಿದ್ದರು, ಅದು ತೀರಾ ಉದಾರ. ನಮ್ಮಲ್ಲಿ ಯಾರೂ ನಾಲ್ಕು ಹೋಲ್ ಸತತವಾಗಿ ನೆಟ್ ಪಾರ್ ಆಡುವವರಲ್ಲ, ಅಲ್ವಾ? ಬೆಳಿಗ್ಗೆ ಒಂಬತ್ತು ಹೋಲ್ ಆಡಿ ಆಫೀಸಿಗೆ ಓಡುವವರಿಗೂ ಇದೇ ಲೆಕ್ಕ. ಮುಂಚಿನ ಹಾಗೆ ಇನ್ನೊಂದು ಒಂಬತ್ತು ಸೇರುವವರೆಗೆ ಕಾಯಬೇಕಾಗಿಲ್ಲ, ಅವತ್ತೇ ಕಾರ್ಡ್ ಹಾಕಿ.